ಹುಲ್ಯಾನ ಪಾಲಿನ ರೊಟ್ಟಿ

ನಿಂಗರಾಜನ ಫೋನಿನಲ್ಲಿ ಮೊದಲು ಬರುತ್ತಿದ್ದದ್ದು ಬರೀ ಕುರಿಗಳು. ಯಾವ ಸಂತೆಯಲ್ಲಿ ಯಾವ ಟಗರು ಎಷ್ಟಕ್ಕೆ ಹೋಯಿತು, ಕಾಳಗದಲ್ಲಿ ಯಾವುದರ ಕೋಡು ಮುರಿಯಿತು, ಮರಿಗೆ ಕೆಮ್ಮು ಹತ್ತಿದರೆ ಏನು ಕುಡಿಸಬೇಕು. ಹಿಂಡು ಮೇಯುತ್ತಿರುತ್ತದೆ, ಜಾಲಿ ಗಿಡದ ನೆರಳಿರುತ್ತದೆ, ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ವಾಯರು. ಕುರಿ ಕಾಯುವವನಿಗೆ ಹೊತ್ತು ಹೋಗುವುದಿಲ್ಲ ಅನ್ನುವ ಕಾಲ ಮುಗಿದು ಬಹಳ ದಿನವಾಯಿತು. ಈಗ ಹೊತ್ತೇ ಸಾಲುವುದಿಲ್ಲ.

ಒಂದು ದಿನ ಟಗರಿನ ಕಾಳಗ ಮುಗಿದದ್ದೇ ತಡ, ತಾನಾಗಿಯೇ ಇನ್ನೊಂದು ವಿಡಿಯೋ ಶುರುವಾಯಿತು. ಗುಡುಗಿನ ಸದ್ದು, ಬೆಂಕಿಯಂಥ ಅಕ್ಷರ, ಯಾರದೋ ಮದುವೆಯ ಫೋಟೋ, ಅದರಲ್ಲಿ ಹೆಂಗಸಿನ ಮುಖದ ಸುತ್ತ ಕೆಂಪು ಗೆರೆ. ‘ಕೈ ತುತ್ತಿನಲ್ಲೇ ವಿಷ ಇಟ್ಟಳು ಕಟ್ಟಿಕೊಂಡವಳು!’ ನಿಂಗರಾಜ ಅದನ್ನು ಪೂರ್ತಿ ನೋಡಿದ. ಮರುದಿನ ಫೋನು ಅಂಥದ್ದೇ ಇನ್ನೊಂದನ್ನು ತಂದು ಮುಂದೆ ಹಾಕಿತು. ಅದನ್ನೂ ನೋಡಿದ. ವಾರ ಕಳೆಯುವಷ್ಟರಲ್ಲಿ ಅವನ ಫೋನಿನಿಂದ ಕುರಿಗಳೆಲ್ಲ ಓಡಿಹೋಗಿ ಬರೀ ಹೆಂಡಂದಿರು ಉಳಿದಿದ್ದರು. ಸಾರಿನಲ್ಲಿ ವಿಷ ಹಾಕಿದವಳು, ಹಾಲಿನಲ್ಲಿ ಗುಳಿಗೆ ಬೆರೆಸಿದವಳು, ಗಂಡ ಮಲಗಿದ ಮೇಲೆ ಯಾರಿಗೋ ಬಾಗಿಲು ತೆಗೆದವಳು. ಈ ದೇಶದಲ್ಲಿ ಕೋಟಿಗಟ್ಟಲೆ ಹೆಂಗಸರು ದಿನಾ ಗಂಡಂದಿರಿಗೆ ಉಣ್ಣಲಿಕ್ಕೆ ಹಾಕುತ್ತಾರೆ, ಗಂಡಂದಿರು ಉಂಡು ತೇಗಿ ಮಲಗುತ್ತಾರೆ. ಅದನ್ನು ಯಾವ ನಾಯಿಯೂ ವಿಡಿಯೋ ಮಾಡಿ ಹಾಕುವುದಿಲ್ಲ.

ಅತ್ತ ದೇವದುರ್ಗದ ಬಳಿಯ ಊರಿನಲ್ಲಿ ಅವನ ತಾಯಿ ಜಂಬಮ್ಮ ಅದೇ ಸುದ್ದಿಗಳನ್ನು ಟಿವಿಯಲ್ಲಿ ನೋಡುತ್ತಿದ್ದಳು. ಗಂಡ ಹೋದ ಮೇಲೆ ಒಬ್ಬನೇ ಮಗನನ್ನು ಹಿಂಡಿನ ಜೊತೆ ಬೆಳೆಸಿದವಳು. ಮಧ್ಯಾಹ್ನದ ಹೊತ್ತಿಗೆ ಫೋನು ಮಾಡುತ್ತಿದ್ದಳು.

“ಉಂಡ್ಯಾ?”

“ಇನ್ನಾ ಇಲ್ಲ ಯವ್ವಾ. ನೇತ್ರಾ ಬುತ್ತಿ ತರ್ತಾಳ.”

“ತರಲಿ. ನೋಡಿ ಉಣ್ಣು.”

“ರೊಟ್ಟ್ಯಾಗ ಏನ ನೋಡಬೇಕು?”

“ನಗಬ್ಯಾಡ. ಸತ್ತಾರಲ್ಲ, ಅವ್ರೂ ಹಿಂಗಾ ನಕ್ಕಿರಬೇಕು. ಮೊದ್ಲ ನಾಯಿಗಿ ಒಂದ ತುಣುಕ ಹಾಕು. ಸ್ವಲ್ಪ ತಡಿ. ಆಮ್ಯಾಲ ಉಣ್ಣು. ನಿನ್ನ ಗಂಟೇನ ಹೋಗ್ತದ?”

ನಿಂಗರಾಜ ನಕ್ಕು ಫೋನು ಇಟ್ಟ. ಆದರೆ ಅವತ್ತು ಬುತ್ತಿ ಬಿಚ್ಚಿದಾಗ ಅವನ ಕೈ ತಾನಾಗಿ ಒಂದು ತುಣುಕು ಮುರಿದು ಹುಲ್ಯಾನ ಮುಂದೆ ಹಾಕಿತು.

ಹುಲ್ಯಾ ಹಿಂಡಿನ ನಾಯಿ. ಕರಿಯ ಬಣ್ಣ, ಹರಿದ ಕಿವಿ, ತೋಳ ಬಂದರೂ ಹಿಂದೆ ಸರಿಯದ ಜಾತಿ. ಹಿಂಡಿನ ಜೊತೆಗಿದ್ದವರು ಇಬ್ಬರೇ, ನಿಂಗರಾಜ ಮತ್ತು ಅವನ ಕಾಕಾ ಯಮನೂರಪ್ಪ. ಭತ್ತದ ಕೊಯಿಲು ಮುಗಿದ ಮೇಲೆ ಅವರು ವರ್ಷವೂ ಹಿಂಡು ಹೊಡೆದುಕೊಂಡು ಮಾನ್ವಿ ಸೀಮೆಗೆ ಬಂದು, ಚೀಕಲಪರ್ವಿ ಹತ್ತಿರ ಹೊಳೆದಂಡೆಯ ಗದ್ದೆಗಳಲ್ಲಿ ಬಲೆ ಕಟ್ಟಿ ಕುರಿ ಕೂಡಿಸುತ್ತಿದ್ದರು. ರೈತರಿಗೆ ಗೊಬ್ಬರ, ಇವರಿಗೆ ಕಾಳು.

ನೇತ್ರಾವತಿಯ ತವರು ಮಾನ್ವಿಯೇ. ಹಿಂಡು ಈ ಕಡೆ ಬಂದಾಗಲೆಲ್ಲ ಅವಳೂ ತಾಯಿಯ ಮನೆಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಸುನಂದಾ ನಡೆಸುತ್ತಿದ್ದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿ ತೆಳ್ಳಗೆ, ಅಂಚು ಒಡೆಯದೆ, ಹೆಂಚಿನ ಮೇಲೆ ಗಾಳಿ ತುಂಬಿ ಏಳುತ್ತಿತ್ತು. “ನೇತ್ರಾನ ರೊಟ್ಟಿ ಅದಾವೇನ್ರಿ?” ಎಂದು ಕೇಳಿ ಕೂಡುವ ಗಿರಾಕಿಗಳಿದ್ದರು. ದಿನ ಬಿಟ್ಟು ದಿನ ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅದೇ ಒಲೆಯ ರೊಟ್ಟಿ, ಹುಳಿ ಪುಂಡಿಸೊಪ್ಪಿನ ಪಲ್ಯ, ಶೇಂಗಾ ಹಿಂಡಿಯ ಚಟ್ನಿ ಕಟ್ಟಿಕೊಂಡು ಟಂಟಂ ಆಟೋ ಹತ್ತಿ ಗಂಡನಿದ್ದಲ್ಲಿಗೆ ಬರುತ್ತಿದ್ದಳು.

“ಬಂತ ನೋಡಲೇ ನಿನ್ನ ಖಾನಾವಳಿ,” ಎಂದು ಯಮನೂರಪ್ಪ ದೂರದಿಂದಲೇ ಕೂಗುತ್ತಿದ್ದ.

“ಕಾಕಾ, ನಿಮಗ ಹುಳಿ ಆಗಂಗಿಲ್ಲಂತ ಬ್ಯಾಳಿ ಪಲ್ಯ ಬ್ಯಾರೆ ತಂದೀನ್ರಿ.”

“ನಿನ್ನ ಗಂಡ ಮಾಡೋ ಸಾರಿಗಿ ಕುರಿ ಸೈತ ಬಲಿ ಹಾರಿ ಓಡಾಕತ್ತಾವ ಬೇ. ನೀ ದಿನಾ ಬಾ.”

“ದಿನಾ ಬಂದ್ರ ಸುನಂದಕ್ಕ ನನ್ನ ಒಲ್ಯಾಗ ಹಾಕ್ತಾಳ.”

ನಗುತ್ತಲೇ ಗಂಟು ಬಿಚ್ಚುವಳು. ನಿಂಗರಾಜ ತುಣುಕು ಮುರಿದು ನಾಯಿಗೆ ಹಾಕುವನು. ಹಾಕಿ ಕಾಯುವನು. ಹುಲ್ಯಾ ನುಂಗಿ ಬಾಲ ಅಲ್ಲಾಡಿಸಿದರೂ ಅವನು ಊಟಕ್ಕೆ ಕೈ ಹಾಕುತ್ತಿರಲಿಲ್ಲ. ಬೀಡಿ ಹಚ್ಚುವನು, ಕುರಿ ಎಣಿಸಿದಂತೆ ಮಾಡುವನು.

“ಆರಿ ಹೋಗಾಕತ್ಯಾದ, ಉಣ್ರಿ. ಅದರ ಬಾಯಿ ಏನ ನೋಡ್ತೀರಿ? ಅದು ನಿಮಗಿಂತ ಚಲೋ ಅಗೀತದ.”

“ಮೂಕ ಪ್ರಾಣಿ. ಮೊದ್ಲ ಅದಕ್ಕ ಹಾಕಬೇಕು,” ಅಂದ ನಿಂಗರಾಜ, ಅವಳ ಮುಖ ನೋಡದೆ.

ನೇತ್ರಾವತಿ ಅದನ್ನು ಪೂರ್ತಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಅವಳಿಗೆ ಗಂಡನ ಬಗ್ಗೆ ಹೆಮ್ಮೆಯಾಯಿತು. ಪಕ್ಕದ ಓಣಿಯ ಗೆಳತಿ ಜಾಹೆದಾಳ ಜೊತೆ ಫೋನಿನಲ್ಲಿ ಹೇಳಿಕೊಂಡು ನಕ್ಕಳು: “ನಮ್ಮಾಂವ ನಾಯಿಗಿ ಹಾಕಲಾರದ ಒಂದ ತುತ್ತ ಬಾಯಿಗಿ ಇಡಂಗಿಲ್ಲ ಅಕ್ಕಾ.” ಅವಳು ಹಾಗೆ ಬದುವಿನ ಮೇಲೆ ನಿಂತು ನಗುವುದನ್ನು ನಿಂಗರಾಜ ಇತ್ತಲಿಂದ ನೋಡುತ್ತಿದ್ದ. ಅವನು ನೋಡಿದ ವಿಡಿಯೋಗಳಲ್ಲೆಲ್ಲ ಹೆಂಡತಿಯ ಕೈಯಲ್ಲಿ ಒಂದು ಫೋನು ಇರುತ್ತಿತ್ತು, ಅವಳು ಹೀಗೇ ದೂರ ಹೋಗಿ ನಗುತ್ತಿದ್ದಳು.

“ಯಾರದು ಫೋನು?”

“ಜಾಹೆದಾ ಅಕ್ಕಂದು.”

“ಹೂಂ,” ಅಂದ.

ಅದರ ಮುಂದಿನ ಸಲ ಅವಳು ಬೇರೆ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ರೊಟ್ಟಿ ತೆಗೆದಳು.

“ಇದು ಹುಲ್ಯಾನ ಪಾಲಿಂದು. ಅದಕ್ಕಂತ ಬ್ಯಾರೆ ಬಡದೀನಿ, ತುಪ್ಪ ಕಾಸಿದ ತಳದ ಗಸಿ ಹಚ್ಚೀನಿ. ಇನ್ನ ನಿಮ್ಮ ರೊಟ್ಟಿ ಮುರದು ಹಾಕಬ್ಯಾಡ್ರಿ. ಹೊಟ್ಟಿ ತುಂಬ ಉಣ್ರಿ ನೀವು.”

ನಿಂಗರಾಜ ಆ ದಪ್ಪ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ನಾಯಿಗೆ ಬೇರೆ ರೊಟ್ಟಿ ಯಾಕೆ? ನನ್ನದನ್ನು ಅದಕ್ಕೆ ಹಾಕಬೇಡ ಅನ್ನುವುದು ಯಾಕೆ? ಎಲ್ಲಿಯೋ ಒಬ್ಬಳು ಗಂಡನಿಗೆ ವಿಷ ಇಡುವ ಮೊದಲು ಮನೆಯ ನಾಯಿಯನ್ನು ಪಳಗಿಸಿಕೊಂಡಿದ್ದಳಂತೆ, ವಿಡಿಯೋದಲ್ಲಿ ನೋಡಿದ್ದ. ಗಂಡನ ಮೇಲಿನ ಪ್ರೀತಿಗೆ ಹಿಟ್ಟು ಉಳಿಸಿ, ಗಸಿ ಎತ್ತಿಟ್ಟು, ಒಂದು ಮೂಕ ಪ್ರಾಣಿಗೆ ರೊಟ್ಟಿ ಬಡಿದು ತಂದವಳನ್ನು ಅವನು ಹಾಗೆ ನೋಡಿದ. ಅವಳ ಕಣ್ಣು ತಪ್ಪಿಸಿ ತನ್ನ ಪಾಲಿನದರಲ್ಲೂ ಒಂದು ತುಣುಕು ನಾಯಿಗೆ ಎಸೆದ.

ಆ ದಿನ ಬಂದದ್ದು ಒಂದು ಸೋಮವಾರ. ಕುರಿಗಳಿಗೆ ಉಣ್ಣಿ ಹುಳ ಹತ್ತಿದ್ದವು. ಮುಂಜಾನೆಯೇ ಕಾಕಾ, ನಿಂಗರಾಜ ಇಬ್ಬರೂ ಕೂಡಿ ಹತ್ತಿ ಬೆಳೆಗೆ ಹೊಡೆಯುವ ಹುಳದ ಔಷಧವನ್ನು ಬಕೆಟ್ಟಿನ ನೀರಿಗೆ ಬೆರೆಸಿ, ಒಂದೊಂದೇ ಕುರಿ ಹಿಡಿದು ಮೈ ಒರೆಸಿದರು. ಕುರಿಗಾರರೆಲ್ಲ ಮಾಡುವುದೇ ಅದು. ದವಾಖಾನೆಯ ಔಷಧ ಸಿಕ್ಕರೆ ಅದು, ಇಲ್ಲದಿದ್ದರೆ ಇದು. ಯಮನೂರಪ್ಪ ಅರ್ಧ ಹಿಂಡು ಹೊಡೆದುಕೊಂಡು ಹೊಳೆಯ ಆಚೆ ಮಗ್ಗುಲಿಗೆ ಹೋದ. ಹುಲ್ಯಾ ಕಿವಿ ಕೆರೆದುಕೊಳ್ಳುತ್ತ ಬಂದು ಕಾಲ ಬುಡದಲ್ಲಿ ಬಿತ್ತು. ಅದರ ಕಿವಿಯ ಒಳಗೆ, ಹೊಟ್ಟೆಯ ಮೇಲೆ ಉಣ್ಣಿಗಳು ಶೇಂಗಾ ಬೀಜದಂತೆ ಊದಿದ್ದವು. ನಿಂಗರಾಜನಿಗೆ ಅದರ ಮೇಲೆ ಮಮತೆ. ಬಾಟಲಿಯ ತಳದಲ್ಲಿ ಉಳಿದದ್ದನ್ನು ನೀರು ಬೆರೆಸದೆ ಅಂಗೈಗೆ ಹಾಕಿಕೊಂಡು ಕಿವಿಗೆ, ಕುತ್ತಿಗೆಗೆ, ಹೊಟ್ಟೆಗೆ ತಿಕ್ಕಿ ತಿಕ್ಕಿ ಹಚ್ಚಿದ. ಕೈಯನ್ನು ಧೋತರಕ್ಕೆ ಒರೆಸಿಕೊಂಡ. ನಾಯಿ ನೆರಳಿಗೆ ಹೋಗಿ ಮಲಗಿ ಹೊಟ್ಟೆ ನೆಕ್ಕಿಕೊಳ್ಳತೊಡಗಿತು.

ಕುರಿ ನೆಕ್ಕಿಕೊಳ್ಳುವುದಿಲ್ಲ, ನಾಯಿ ನೆಕ್ಕಿಕೊಳ್ಳುತ್ತದೆ. ಅಷ್ಟೇ. ಅಷ್ಟು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ನೇತ್ರಾವತಿ ಬಂದಳು. ಖಾನಾವಳಿಯಲ್ಲಿ ಸಂಜೆಗೆ ಯಾವುದೋ ಮದುವೆಯ ಮಂದಿ ಬರುವವರಿದ್ದರು, ರೊಟ್ಟಿ ಬಹಳ ಬೇಕು ಎಂದು ಗಂಟು ಕೊಟ್ಟವಳೇ ನಿಂತ ಕಾಲಲ್ಲೇ ಹೊರಟಳು. “ಹುಲ್ಯಾಗ ಅದರದು ಹಾಕ್ರಿ,” ಎಂದು ಬದುವಿನ ಮೇಲಿಂದ ಕೂಗಿ ಹೇಳಿ ಹೋದಳು. ನಿಂಗರಾಜ ದಪ್ಪ ರೊಟ್ಟಿ ನಾಯಿಗೆ ಹಾಕಿದ. ತನ್ನದರಲ್ಲೂ ಒಂದು ತುಣುಕು ಹಾಕಿ, ಬೀಡಿ ಸೇದಿ, ಆಮೇಲೆ ತಾನು ಉಂಡ. ಅರ್ಧ ಊಟವಾಗಿತ್ತು. ಹುಲ್ಯಾನ ಬಾಯಿಂದ ನೊರೆ ಇಳಿಯತೊಡಗಿತು. ಎದ್ದು ನಿಂತಿತು, ಹಿಂಗಾಲು ನಡುಗಿ ಕುಸಿಯಿತು. ಅವನ ಕಡೆಯೇ ನೋಡುತ್ತ ತೆವಳಿಕೊಂಡು ಬಂದು ಮಡಿಲಿಗೆ ತಲೆಯಿಟ್ಟಿತು.

ನಿಂಗರಾಜ ತಟ್ಟೆ ದೂರ ತಳ್ಳಿದ. ರೊಟ್ಟಿ ಎತ್ತಿ ಮೂಸಿದ. ಔಷಧದ ವಾಸನೆ ಮೂಗಿಗೆ ರಾಚಿತು. ಪಲ್ಯ ಮೂಸಿದ, ಅದೂ ಹಾಗೇ. ಹಿಂಡಿ, ಬಟ್ಟೆ, ಗಂಟು, ಮುಟ್ಟಿದ್ದೆಲ್ಲ ಅದೇ ವಾಸನೆ. ಅವನ ಹೊಟ್ಟೆಯೊಳಗೆ ಬೆಂಕಿ ಎದ್ದಂತಾಯಿತು, ನಾಲಿಗೆ ದಪ್ಪಗಾಯಿತು. ಗಂಟಲಿಗೆ ಬೆರಳು ಹಾಕಿ ಕಾರಿದ. ನಾಯಿ ಅವನ ಮಡಿಲಲ್ಲೇ ಸೆಟೆದು ತಣ್ಣಗಾಯಿತು.

ಆಗ ಅವನು ಹೆಂಡತಿಗೆ ಫೋನು ಮಾಡಲಿಲ್ಲ. ಅವಳಿನ್ನೂ ಟಂಟಂನಲ್ಲಿ ಮಾನ್ವಿ ಮುಟ್ಟಿರಲಿಲ್ಲ. ಒಂದು ಮಾತು, ‘ಏನ ಹಾಕಿದ್ದಿ ರೊಟ್ಟ್ಯಾಗ’ ಅಂತ ಒಂದು ಮಾತು ಕೇಳಿದ್ದರೂ ಸಾಕಿತ್ತು. ಬೈದು ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ಫೋನನ್ನು ಮುಖದ ಮುಂದೆ ಹಿಡಿದು ಗುಂಡಿ ಒತ್ತಿದ. ಸಾಯುವ ಮುಂಚೆ ಹೇಗೆ ಮಾತಾಡಬೇಕೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅಷ್ಟು ನೋಡಿದ್ದ.

“ನಾನು ನಿಂಗರಾಜ. ಕುರಿ ಕಾಯೋನು. ನನ್ನ ಹೇಣ್ತಿ ನೇತ್ರಾವತಿ ತಂದ ರೊಟ್ಟಿ ತಿಂದು ನನ್ನ ನಾಯಿ ಸತ್ತದ. ಇದಾ ರೊಟ್ಟಿ ನಾನೂ ಉಂಡೀನಿ. ನನಗೇನಾರ ಆದ್ರ ಅಕಿನಾ ಕಾರಣ. ನಮ್ಮ ಯವ್ವನ ನೋಡಿಕೊಳ್ರಿ.”

ಬಿಕ್ಕಿ ಬಿಕ್ಕಿ ಅತ್ತ. ನಾಯಿಯ ಮುಖ ತೋರಿಸಿದ. ತಾಯಿಗೆ ಕಳಿಸಿದ.

ಜಂಬಮ್ಮ ಬಾಯಿ ಬಾಯಿ ಬಡಿದುಕೊಂಡು ಅದನ್ನು ತನಗೆ ಗೊತ್ತಿದ್ದ ಒಬ್ಬನೇ ಟಿವಿಯವನಿಗೆ ಕಳಿಸಿದಳು. ಹನುಮೇಶ, ದೂರದ ಸಂಬಂಧಿ. ಮೊದಲು ಮದುವೆಯ ವಿಡಿಯೋ ತೆಗೆಯುತ್ತಿದ್ದ, ನಿಂಗರಾಜನ ಮದುವೆಯನ್ನೂ ಅವನೇ ತೆಗೆದಿದ್ದ. ಈಗ ರಾಯಚೂರಿನಲ್ಲಿ ಒಂದು ಯೂಟ್ಯೂಬ್ ಚಾನಲ್ಲು ನಡೆಸುತ್ತಿದ್ದ. ಮಗ ಬದುಕಲಿ, ಯಾರಾದರೂ ಓಡಿಹೋಗಿ ಉಳಿಸಲಿ ಅಂತ ಆ ತಾಯಿ ಕಳಿಸಿದ್ದು. ಹನುಮೇಶ ಹಳೆಯ ಕಂಪ್ಯೂಟರಿನಿಂದ ನೇತ್ರಾವತಿಯ ಮದುವೆಯ ಫೋಟೋ ತೆಗೆದ, ಮುಖದ ಸುತ್ತ ಕೆಂಪು ಗೆರೆ ಎಳೆದ. ‘ಪ್ರಾಣ ಕೊಟ್ಟು ಒಡೆಯನ ಉಳಿಸಿದ ನಾಯಿ! ರೊಟ್ಟಿಯಲ್ಲಿ ವಿಷ ಬಡಿದ ರಾಕ್ಷಸಿ!’

ನೇತ್ರಾವತಿ ಹಿಟ್ಟು ನಾದುತ್ತ ಕೂತಿದ್ದಾಗಲೇ ಖಾನಾವಳಿಯ ಬಾಗಿಲಲ್ಲಿ ಮಂದಿ ನೆರೆದಿತ್ತು. ಕೈಯಲ್ಲಿ ಫೋನು, ಫೋನಿನಲ್ಲಿ ಅವಳ ಮುಖ, ಎದುರಿಗೂ ಅವಳದೇ ಮುಖ. ಒಬ್ಬ ಅದನ್ನು ಇದನ್ನು ಹೋಲಿಸಿ ನೋಡುತ್ತಿದ್ದ. ಕಲ್ಲು ಬೀಳುವ ಮುಂಚೆ ಪೊಲೀಸರು ಬಂದು ಅವಳನ್ನು ಕರೆದೊಯ್ದದ್ದೇ ಪುಣ್ಯ. ವಿಷ ಉಂಡವನು ಎಲ್ಲಿ ಬಿದ್ದಿದ್ದಾನೆ ಎಂದು ಹುಡುಕಿಕೊಂಡು ಮಾತ್ರ ಯಾರೂ ಹೋಗಲಿಲ್ಲ.

ಹೊತ್ತು ಇಳಿಯುವಾಗ ಯಮನೂರಪ್ಪ ಹಿಂಡಿನೊಂದಿಗೆ ಬಂದ. ಅವನದು ಗುಂಡಿ ಫೋನು, ಅವನಿಗೇನೂ ಗೊತ್ತಿರಲಿಲ್ಲ. ಸತ್ತ ನಾಯಿಯನ್ನೂ, ಕಂಬಳಿ ಹೊದ್ದು ಸಾವು ಕಾಯುತ್ತ ಬಿದ್ದಿದ್ದ ನಿಂಗರಾಜನನ್ನೂ ನೋಡಿದ. ನಾಯಿಯ ಕಿವಿ ಮಡಿಸಿದ. ಬಗ್ಗಿ ಮೂಸಿದ. ಬದಿಯಲ್ಲಿ ಬಿದ್ದಿದ್ದ ಬಾಟಲಿ ಎತ್ತಿ ಅಲ್ಲಾಡಿಸಿದ.

“ಇದಕ್ಕ ಔಷಧ ಹಚ್ಚಿದ್ಯಾ?”

“ಹೂಂ. ಉಣ್ಣಿ ಹತ್ತಿದ್ವು.”

“ನೀರ ಬೆರಸದ?”

ನಿಂಗರಾಜ ಎದ್ದು ಕೂತ.

“ನಾಯಿ ನೆಕ್ಕೋದಿಲ್ಲೇನಲೇ ಹುಚ್ಚಾ? ನೆಕ್ಕಿ ಸತ್ತದ ಅದು.”

“ಇಲ್ಲ ಕಾಕಾ, ರೊಟ್ಟಿ ವಾಸನಿ ಹೊಡಿತದ. ನೋಡ್ರಿ ಬೇಕಾರ.”

ಯಮನೂರಪ್ಪ ರೊಟ್ಟಿ ಮೂಸಲಿಲ್ಲ. ನಿಂಗರಾಜನ ಬಲಗೈ ಹಿಡಿದೆತ್ತಿ ಅವನ ಮೂಗಿಗೇ ಒತ್ತಿದ. “ಮೂಸು. ನಿನ್ನ ಕೈ ಮೂಸಲೇ.”

ಆಮೇಲೆ ಆ ಮುದುಕ ಗಂಟಿನಲ್ಲಿ ಉಳಿದಿದ್ದ ರೊಟ್ಟಿಯನ್ನು ಅವನ ಮುಂದೆಯೇ ಕೂತು, ಒಂದೊಂದೇ ಮುರಿದು, ಪೂರ್ತಿ ತಿಂದ.

ನಿಂಗರಾಜ ಯಾರದೋ ಬೈಕು ಹತ್ತಿ ಮಾನ್ವಿಗೆ ಓಡಿದ. ಠಾಣೆಯಲ್ಲಿ ಎಲ್ಲ ಹೇಳಿದ. ಜಮಾದಾರ ಬಾಟಲಿ ನೋಡಿದ, ಇವನ ಮುಖ ನೋಡಿದ. “ಇದನ್ನ ಮಧ್ಯಾಹ್ನ ಯೋಚನಿ ಮಾಡಬೇಕಿತ್ತಲ್ಲಪ್ಪಾ,” ಅಂದ. ಬೈಯಲಿಲ್ಲ. ನೇತ್ರಾವತಿ ಒಳಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳ ಬೆರಳುಗಳಿಗೆ ಹಿಟ್ಟು ಒಣಗಿ ಅಂಟಿಕೊಂಡಿತ್ತು. ಗಂಡನನ್ನು ನೋಡಿ ಎದ್ದು ನಿಂತಳು. “ಆರಾಮ ಅದೀರಾ?” ಎಂದು ಕೇಳಿದಳು. ಅವಳಿಗೆ ಗಂಡ ದವಾಖಾನೆಯಲ್ಲಿದ್ದಾನೆ ಎಂದಷ್ಟೇ ಯಾರೋ ಹೇಳಿದ್ದರು. ತಾಯಿ ಮಲ್ಲೇಶ್ವರಿ ಬಂದು ಅವಳ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು. ವಿಡಿಯೋವನ್ನು ಅವಳು ನೋಡಿದ್ದು ಮನೆಗೆ ಹೋದ ಮೇಲೆ.

ಮರುದಿನ ನಿಂಗರಾಜ ರಾಯಚೂರಿಗೆ ಹೋದ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಒಂದು ಮೊಬೈಲ್ ಅಂಗಡಿಯ ಮಾಳಿಗೆಯ ಮೇಲೆ ಹನುಮೇಶನ ಕೋಣೆ.

“ಅದನ್ನ ತಗದು ಹಾಕಣ್ಣಾ.”

“ಕುಂದ್ರು ಮೊದ್ಲ. ಚಾ ಕುಡಿ. ಬದುಕಿದ್ಯಲ್ಲ, ಅದಾ ದೊಡ್ಡದು.”

“ಅಕಿ ಏನೂ ಮಾಡಿಲ್ಲ. ನಾಯಿ ಸತ್ತಿದ್ದು ನನ್ನ ಕೈಲಿಂದ.”

ಹನುಮೇಶ ಕುರ್ಚಿ ತಿರುಗಿಸಿದ. “ನನ್ನದೊಂದ ತಗದ್ರ ಹೋಗ್ತದಂತ ತಿಳ್ದ್ಯಾ? ತೆಲುಗಿನೋರು ಹಾಕ್ಯಾರ, ಮರಾಠಿಯೋರು ಹಾಕ್ಯಾರ. ಒಬ್ಬಾಂವ ನಾಯಿಗಿ ಹಾಡು ಸೇರಿಸಿ ಬಿಟ್ಟಾನ, ಮಂದಿ ಅಳಾಕತ್ಯಾರ. ಯಾರ್ಯಾರ ಮನಿಗಿ ಹೋಗಿ ತಗಸ್ತಿ?”

“ಸುಳ್ಳ ಅದು!”

“ಸುಳ್ಳ ನಾ ಹೇಳಿದ್ನೇನೋ? ನಿನ್ನ ಬಾಯಿ, ನಿನ್ನ ಮಾತು. ನಾ ಒಂದ ಅಕ್ಷರ ಸೇರಿಸಿಲ್ಲ ಅದಕ್ಕ.”

“ರಾಕ್ಷಸಿ ಅಂತ ಬರದಾಂವ ಯಾರು? ನಮ್ಮ ಲಗ್ನದ ಫೋಟೋಕ್ಕ ಕೆಂಪ ಗೆರಿ ಎಳದಾಂವ ಯಾರು?”

ಹನುಮೇಶ ಚಾದ ಲೋಟವನ್ನು ಅವನ ಕಡೆ ಸರಿಸಿದ. “ಗೆರಿ ಎಳೀದಿದ್ರ ಯಾರೂ ನೋಡಂಗಿಲ್ಲ ತಮ್ಮಾ,” ಅಂದ. ಕೆಟ್ಟ ದನಿಯಲ್ಲಲ್ಲ. ಮಳೆ ಬಂದರೆ ನೆಲ ಹಸಿಯಾಗುತ್ತದೆ ಎಂದು ಹೇಳುವ ದನಿಯಲ್ಲಿ.

ಕೊನೆಗೆ ಅವನು ಹಳೆಯದನ್ನು ತೆಗೆದ, ನಿಂಗರಾಜನನ್ನು ಕೂಡಿಸಿ ಹೊಸದೊಂದು ಮಾಡಿದ. ನಿಂಗರಾಜ ಔಷಧದ ಬಾಟಲಿ ಹಿಡಿದು ನಡೆದದ್ದನ್ನು ನಡೆದಂತೆ ಹೇಳಿದ. ತಪ್ಪು ತನ್ನದು ಅಂದ, ಕೈ ಮುಗಿದ. ಅದನ್ನು ನೋಡಿದವರು ಬಹಳ ಕಡಿಮೆ. ನೋಡಿದವರು ಕೆಳಗೆ ಬರೆದರು. ‘ಪಾಪ, ಹೆದರಿಸಿ ಹೇಳಿಸ್ಯಾರ.’ ‘ಇವನ ಕಣ್ಣು ನೋಡ್ರಿ, ಮಾಟ ಮಾಡಿಸ್ಯಾಳ.’ ‘ಎರಡನೇ ರೊಟ್ಟಿ ರೆಡಿ ಆಗ್ಯಾದ ಅಣ್ಣಾ, ಹೋಗಿ ಉಣ್ಣು.’ ಬಸ್ಸಿನಲ್ಲಿ ಕೂತು ನಿಂಗರಾಜ ಅದನ್ನೆಲ್ಲ ಓದಿದ. ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಇಷ್ಟಾದ ಮೇಲೂ ಫೋನನ್ನು ಮುಚ್ಚಿ ಕಿಸೆಗೆ ಹಾಕಿಕೊಳ್ಳಲು ಅವನಿಂದ ಆಗಲಿಲ್ಲ.

ತಾಯಿಗೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ. ಜಂಬಮ್ಮ ಪೂರ್ತಿ ಕೇಳಿಸಿಕೊಂಡಳು.

“ಔಷಧ ಇರಬೋದು,” ಅಂದಳು ಕಡೆಗೆ. “ಅಕಿ ಬರಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅಡಿಗಿ ನಾನಾ ಮಾಡ್ತೀನಿ.”

ಎರಡು ದಿನ ಬಿಟ್ಟು ಮಾನ್ವಿಗೆ ಹೋದಾಗ ಮಲ್ಲೇಶ್ವರಿ ಬಾಗಿಲಿಗೆ ಅಡ್ಡ ನಿಂತಳು.

“ಮಲ್ಕೊಂಡಾಳ.”

“ಎಬ್ಬಸ್ರಿ ಅತ್ತಿ. ಒಂದ ಮಾತ ಹೇಳಿ ಹೋಗ್ತೀನಿ.”

“ವಿಡಿಯೋದಾಗ ನಾಯಿ ಸಲುವಾಗಿ ಭಾಳ ಅತ್ತೀರಿ ನೀವು. ನಾನೂ ನೋಡಿನಿ. ಹೋಗ್ರಿ ಈಗ.”

ಅವನು ಖಾನಾವಳಿಗೆ ಹೋದ. ಒಲೆಯ ಮುಂದೆ ಯಾರೋ ಹೊಸ ಹೆಂಗಸು ಕೂತಿದ್ದಳು, ಅವಳ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು. ಸುನಂದಾ ಇವನನ್ನು ಹಿತ್ತಲಿಗೆ ಕರೆದಳು.

“ಮರುದಿನಾನಾ ಬಂದಿದ್ಲಪ್ಪಾ ಕೆಲಸಕ್ಕ. ಧೈರ್ಯದ ಹೆಣಮಗಳು. ಕುಂತ್ಲು, ಬಡದ್ಲು. ಗಿರಾಕಿ ಬಂದ್ರು, ಕೈ ತೊಳಕೊಂಡ್ರು, ‘ಅಕ್ಕಾ, ಇವತ್ತು ರೊಟ್ಟಿ ಯಾರ ಬಡದಾರ?’ ಅಂತ ಕೇಳಿದ್ರು. ಹತ್ತ ವರ್ಷದಿಂದ ಉಣ್ಣೋರು. ಕೆಟ್ಟ ಮಂದಿ ಅಲ್ಲ ಅವ್ರು, ಅಂಜ್ಯಾರ. ಅನ್ನ ತಿಂತೀವಿ ಅಂದ್ರು, ರೊಟ್ಟಿ ಬ್ಯಾಡ ಅಂದ್ರು. ಬುಟ್ಟಿ ತುಂಬ ರೊಟ್ಟಿ ಹಂಗಾ ಉಳೀತು.”

“ಅಕಿ ಏನಂದ್ಲು?”

“ಏನಂತಾಳ? ಹೆಂಚು ಇಳಿಸಿ, ಕೈ ತೊಳಕೊಂಡು, ಸೆರಗಿಗಿ ಒರಿಸಿಕೊಂಡು ಹೋದ್ಲು. ನಾ ಹೋಗು ಅಂತ ಹೇಳಲಿಲ್ಲ ನಿಂಗರಾಜಾ.” ಸುನಂದಾ ಕಣ್ಣು ಒರೆಸಿಕೊಂಡಳು. “ಇರು ಅಂತನೂ ಹೇಳಲಿಲ್ಲ.”

ಎಂಟು ಹತ್ತು ದಿನ ಕಳೆದಿರಬೇಕು. ನೇತ್ರಾವತಿಯ ಸೋದರತ್ತೆಯ ಕುಟುಂಬ ದೇವದುರ್ಗದಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟಿದೆ, ಅವರ ಜೊತೆ ಅವಳೂ ಹೋಗುತ್ತಿದ್ದಾಳೆ ಎಂಬ ಸುದ್ದಿಯನ್ನು ಯಮನೂರಪ್ಪ ತಂದ. ನಿಂಗರಾಜ ಹಿಂಡು ಕಾಕಾನಿಗೆ ಬಿಟ್ಟು ಓಡಿದ.

ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಬಿಸಿಲಿತ್ತು. ಗಂಟು, ಚೀಲ, ಪ್ಲಾಸ್ಟಿಕ್ ಕೊಡಗಳ ನಡುವೆ ಹೋಗುವವರೆಲ್ಲ ಕೂತಿದ್ದರು. ನೇತ್ರಾವತಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ಎಂದೂ ಹಾಗೆ ಹೊದ್ದವಳಲ್ಲ.

“ಮನಿಗಿ ನಡಿ ನೇತ್ರಾ,” ಅಂದ ನಿಂಗರಾಜ. “ನಾ ತಪ್ಪ ಮಾಡೀನಿ. ಬೈ ನನಗ. ಇಷ್ಟ ಮಂದಿ ಮುಂದ ಬೈ, ಸುಮ್ನ ನಿಂದ್ರತೀನಿ.”

“ಬೈದ್ರ ನನಗೇನ ಬರ್ತದ?”

“ನಾ ನಿನ್ನ ನಂಬ್ತೀನಿ. ಬೀರಪ್ಪನಾಣಿ ನಂಬ್ತೀನಿ.”

“ಈಗ ನಂಬ್ತೀರಿ, ನನಗ ಗೊತ್ತದ.” ಅವಳು ಅವನನ್ನು ನೇರ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯಲಾಗಲಿಲ್ಲ. “ನಾಳಿ ನಿಮಗ ಒಂದ ಜ್ವರ ಬಂತಂತ ತಿಳೀರಿ. ಹೊಟ್ಟಿ ನೋಯ್ತು. ಬಿಸಲಾಗ ಕುರಿ ಹಿಂದ ಹೋದಾಗ ತಲಿ ತಿರುಗಿ ಬಿದ್ರಿ. ಹಾವ ಕಡೀತು. ಊರಾಗ ಯಾರಾರ ನನ್ನ ಮಾತ ಕೇಳ್ತಾರಾ? ಜ್ವರ ಬಂದು ಸತ್ರೂ ನಾನಾ ಕೊಂದಂಗ. ನೀವು ಕೆಮ್ಮಿದ್ರ ನಾ ನಡಗಬೇಕು. ನೀವು ಉಂಡು ಮುಂಜಾನಿ ಏಳೋತನಕ ನಾ ಉಸರ ಹಿಡಕೊಂಡು ಕೂಡಬೇಕು. ಗಂಡಗ ಅಂಜಿ ಬಾಳೇ ಮಾಡಿದೋರು ಭಾಳ ಮಂದಿ ಅದಾರ. ದಿನಾ ಗಂಡನ ಸಾವಿಗಿ ಅಂಜಿ ಬಾಳೇ ಮಾಡಾಕ ನನ್ನಿಂದ ಆಗಂಗಿಲ್ಲ.”

ನಿಂಗರಾಜ ಅವಳ ಗಂಟಿನ ಕಡೆ ನೋಡಿದ. ಕೊನೆಗೆ, “ಅಲ್ಲಿ ಏನ ಮಾಡ್ತಿ?” ಎಂದು ಕೇಳಿದ.

“ಇಟ್ಟಂಗಿ ಹೊರ್ತೀನಿ. ಗ್ಯಾಂಗಿನ ಅಡಿಗಿ ಮಾತ್ರ ಮಾಡಂಗಿಲ್ಲಂತ ಮೇಸ್ತ್ರಿಗಿ ಮೊದ್ಲಾ ಹೇಳೀನಿ.”

ಬಸ್ಸು ಬಂತು. ಗಂಟುಗಳು ಮೇಲೆ ಹೋದವು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಿಂಗರಾಜ ಕಿಟಕಿಯ ಕೆಳಗೆ ಹೋಗಿ ನಿಂತ. ಅಷ್ಟರಲ್ಲಿ ಬುಟ್ಟಿಯಲ್ಲಿ ಹುರಿದ ಶೇಂಗಾ ಮಾರುತ್ತಿದ್ದ ಮುದುಕಿಯೊಬ್ಬಳು ಅವನ ಮುಖ ನೋಡಿ ನಿಂತಳು. ಇನ್ನಷ್ಟು ಹತ್ತಿರ ಬಂದು ನೋಡಿದಳು.

“ನೀ ಆ ನಾಯಿ ಹುಡುಗ ಅಲ್ಲೇನೋ ಯಪ್ಪಾ? ನಮ್ಮ ಮೊಮ್ಮಗಳ ಫೋನಿನ್ಯಾಗ ನೋಡಿನಿ. ಅಯ್ಯ ನನ್ನಪ್ಪಾ, ಎಷ್ಟ ಅತ್ತಿದ್ದಿ!” ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂತು. ಒರಟು ಕೈಯಿಂದ ಅವನ ಕೆನ್ನೆ ಸವರಿದಳು. “ಬದುಕಿದಿ ಬಿಡು. ಆ ರಾಕ್ಷಸಿ ಕೈಯಾಗಿಂದ ಪಾರಾಗಿ ಬಂದಿ.”

ಕಿಟಕಿಯಲ್ಲಿದ್ದವಳಿಗೆ ಎಲ್ಲ ಕೇಳಿಸುತ್ತಿತ್ತು.

“ಅಕಿ ಏನೂ ಮಾಡಿಲ್ಲ ಯವ್ವಾ!” ನಿಂಗರಾಜ ಚೀರಿದ. ಬಸ್ ಸ್ಟ್ಯಾಂಡೆಲ್ಲ ತಿರುಗಿ ನೋಡಿತು. “ಏನೂ ಮಾಡಿಲ್ಲ! ನಾನಾ ಔಷಧ ಹಚ್ಚಿದ್ದೆ ನಾಯಿಗಿ! ನನ್ನ ಕೈಲಿ ಸತ್ತದ ಅದು!”

ಮುದುಕಿ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಹೆದರಿದ ಕೂಸನ್ನು ಸಮಾಧಾನ ಮಾಡುವಂತೆ ಅವನ ಬೆನ್ನು ತಟ್ಟಿದಳು.

“ಅಂಜಬ್ಯಾಡ ಮಗನಾ,” ಅಂದಳು ಮೆಲ್ಲಗೆ, ಅತ್ತಿತ್ತ ನೋಡಿ. “ಅಕಿ ಇಲ್ಲಿಲ್ಲ. ಖರೇ ಮಾತಾಡು.”

ಬಸ್ಸು ಹಿಂದೆ ಸರಿದು, ತಿರುಗಿ, ಗೇಟಿನ ಕಡೆ ಹೊರಟಿತು. ನೇತ್ರಾವತಿ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು ಎದುರಿನ ಸೀಟಿನ ಬೆನ್ನಿಗೆ ಹಣೆ ಹಚ್ಚಿದ್ದು ಮಾತ್ರ ಕಾಣಿಸಿತು. ನಿಂಗರಾಜ ಅದರ ಹಿಂದೆ ಓಡಬೇಕೆಂದುಕೊಂಡ. ಮುದುಕಿ ಅವನ ಅಂಗೈ ಬಿಡಿಸಿ ಒಂದು ಹಿಡಿ ಬಿಸಿ ಶೇಂಗಾ ಸುರಿದು, ದುಡ್ಡು ಬೇಡ ಎಂದು ತಲೆ ಅಲ್ಲಾಡಿಸಿ, ಅವನು ತಿನ್ನುವುದನ್ನೇ ನೋಡುತ್ತ ನಿಂತುಕೊಂಡಳು.